ಹಳೆಯ ಮಿನಿ ಗಣಕಯಂತ್ರಗಳ ಸಂಗ್ರಹಣೆ ಮತ್ತು ಸಂರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಚೇರಿ, ಕಾರ್ಖಾನೆ ಹಾಗೂ ಕಾಲೇಜುಗಳ ಉಗ್ರಾಣಗಳಲ್ಲಿ ಬಳಕೆಯಿಂದ ಹೊರಗುಳಿದ ಗಣಕಯಂತ್ರಗಳು ಕಾಲಕ್ರಮೇಣ ಗುಜರಿ ಸೇರುತ್ತವೆ. ಇವುಗಳ ಪೈಕಿ 1960 ಮತ್ತು 1970ರ ದಶಕಗಳ ಯಂತ್ರಗಳು ತಾಂತ್ರಿಕ ಇತಿಹಾಸದ ಅಮೂಲ್ಯ ಸಾಕ್ಷ್ಯಗಳಾಗಿವೆ. ಅವುಗಳನ್ನು ಸಂಗ್ರಹಿಸಲು ಇಚ್ಛಿಸುವ ಸಾರ್ವಜನಿಕರ ಮತ್ತು ವಿದ್ಯಾಸಂಸ್ಥೆಗಳ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮಿನಿ ಗಣಕಯಂತ್ರ ಎಂದರೇನು?

ಇಡೀ ಕೊಠಡಿಯನ್ನು ಆಕ್ರಮಿಸುತ್ತಿದ್ದ ಬೃಹತ್ ಗಣಕಯಂತ್ರಗಳಿಗೂ ಇಂದಿನ ಮೇಜಿನ ಮೇಲಿನ ಗಣಕಯಂತ್ರಗಳಿಗೂ ನಡುವಣ ಅವಧಿಯ ಯಂತ್ರಗಳನ್ನು ಮಿನಿ ಗಣಕಯಂತ್ರಗಳೆಂದು ಕರೆಯಲಾಗುತ್ತದೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯು 1965ರಲ್ಲಿ ಬಿಡುಗಡೆ ಮಾಡಿದ ಪಿಡಿಪಿ-8 ಇದಕ್ಕೆ ಉತ್ತಮ ನಿದರ್ಶನ. ಸುಮಾರು 18,000 ಡಾಲರ್ ಬೆಲೆಯ ಈ 12 ಬಿಟ್ ಯಂತ್ರದ ಮೂಲ ಸ್ಮರಣಕೋಶದಲ್ಲಿ 4,096 ಪದಗಳಿಗೆ ಮಾತ್ರ ಸ್ಥಳವಿತ್ತು. 1970ರಲ್ಲಿ ಅದೇ ಸಂಸ್ಥೆಯ 16 ಬಿಟ್‌ನ ಪಿಡಿಪಿ-11 ಬಳಕೆಗೆ ಬಂದಿತು. ಭಾರತದಲ್ಲಿ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಟಿಡಿಸಿ-12 ಎಂಬ 12 ಬಿಟ್ ಯಂತ್ರವನ್ನೂ ನಂತರ ಟಿಡಿಸಿ-316 ಯಂತ್ರವನ್ನೂ ತಯಾರಿಸಿತು.

ಸಂರಕ್ಷಣೆಯ ಅವಶ್ಯಕತೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಾಣಗೊಂಡ ಎಡ್ಸಾಕ್ ಗಣಕಯಂತ್ರವು 1949ರ ಮೇ 6ರಂದು ಮೊದಲ ಲೆಕ್ಕಾಚಾರವನ್ನು ನಡೆಸಿತು. 1958ರಲ್ಲಿ ಸೇವೆಯಿಂದ ನಿವೃತ್ತಿಗೊಳಿಸಿ ಅದನ್ನು ಬಿಡಿಭಾಗಗಳಾಗಿ ಕಳಚಲಾಯಿತು. ಅರ್ಧ ಶತಮಾನದ ಬಳಿಕ ಅದನ್ನು ಪುನರ್ನಿರ್ಮಿಸಲು ಹೊರಟವರು ಹಳೆಯ ಛಾಯಾಚಿತ್ರಗಳನ್ನು ನೋಡಿ ಊಹಿಸಬೇಕಾಯಿತು. ಮೂಲ ರೇಖಾಚಿತ್ರಗಳಲ್ಲಿ ಕೆಲವು ದೊರೆತದ್ದು ಕೆಲಸ ಬಹಳಷ್ಟು ಮುಂದುವರಿದ ನಂತರ, 2014ರಲ್ಲಿ.

ಇದಕ್ಕೆ ವ್ಯತಿರಿಕ್ತವಾಗಿ, ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಉಳಿದುಕೊಂಡಿದ್ದ ಪಿಡಿಪಿ-1 ಯಂತ್ರವನ್ನು ಸ್ವಯಂಸೇವಕರು ದುರಸ್ತಿಗೊಳಿಸಿ ಮತ್ತೆ ಚಾಲನೆಗೆ ತಂದರು. 1962ರಲ್ಲಿ ಇದೇ ಮಾದರಿಯ ಯಂತ್ರಕ್ಕಾಗಿ ರಚಿಸಲಾದ ಸ್ಪೇಸ್‌ವಾರ್ ಆಟವನ್ನು ಅದರಲ್ಲಿ ಸಂದರ್ಶಕರಿಗೆ ತೋರಿಸಲಾಗಿದೆ. ಕಳಚಿದ ಯಂತ್ರಕ್ಕೂ ಕಾಪಾಡಿದ ಯಂತ್ರಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಯಂತ್ರವು ದೊರೆತಾಗ ಅನುಸರಿಸಬೇಕಾದ ಕ್ರಮಗಳು

1. ಯಂತ್ರವನ್ನು ಸ್ಥಳಾಂತರಿಸುವ ಮುನ್ನ ಎಲ್ಲಾ ಬದಿಗಳಿಂದ ಛಾಯಾಚಿತ್ರ ತೆಗೆದು, ಕ್ರಮಸಂಖ್ಯೆಯ ಫಲಕ ಮತ್ತು ತಂತಿಗಳ ಜೋಡಣೆಯನ್ನು ದಾಖಲಿಸತಕ್ಕದ್ದು. ಕೈಪಿಡಿಗಳು, ಮಂಡಲ ನಕ್ಷೆಗಳು, ಕಾಗದದ ಟೇಪುಗಳನ್ನು ರದ್ದಿಗೆ ಹಾಕಬಾರದು. ಅವುಗಳಿಲ್ಲದೆ ದುರಸ್ತಿಯು ಅತ್ಯಂತ ಕಷ್ಟಸಾಧ್ಯ.

2. ಯಾವುದೇ ಕಾರಣಕ್ಕೂ ಯಂತ್ರಕ್ಕೆ ನೇರವಾಗಿ ವಿದ್ಯುತ್ ನೀಡಬಾರದು. ದಶಕಗಳ ಕಾಲ ಬಳಸದೆ ಇಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗಿನ ಆಕ್ಸೈಡ್ ಪದರವು ಕ್ಷೀಣಿಸಿರುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ನೀಡಿದಲ್ಲಿ ಅವು ಸಿಡಿಯುವ ಸಂಭವವಿದೆ. ತಜ್ಞರು ವೋಲ್ಟೇಜನ್ನು ಹಂತಹಂತವಾಗಿ ಏರಿಸಿ ಸದರಿ ಪದರವನ್ನು ಮರುರೂಪಿಸುತ್ತಾರೆ.

3. ವಿದ್ಯುತ್ ಪೂರೈಕೆ ಘಟಕವನ್ನು ಉಳಿದ ಭಾಗಗಳಿಂದ ಬೇರ್ಪಡಿಸಿ ಮೊದಲು ಪ್ರತ್ಯೇಕವಾಗಿ ಪರೀಕ್ಷಿಸತಕ್ಕದ್ದು. ದೋಷಪೂರಿತ ಘಟಕವು ಬದಲಿ ಸಿಗದ ಬಿಡಿಭಾಗಗಳನ್ನು ಕ್ಷಣಮಾತ್ರದಲ್ಲಿ ಸುಡಬಲ್ಲದು.

4. ಅಮೆರಿಕದ ಯಂತ್ರಗಳು ಸಾಮಾನ್ಯವಾಗಿ 115 ವೋಲ್ಟ್, 60 ಹರ್ಟ್ಸ್‌ಗೆ ರೂಪಿತವಾಗಿವೆ. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ ಲಭ್ಯ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ, ಹರ್ಟ್ಸನ್ನಲ್ಲ. ಆದ್ದರಿಂದ ಕೆಲವು ಫ್ಯಾನ್ ಮತ್ತು ಡಿಸ್ಕ್ ಮೋಟಾರುಗಳ ವೇಗ ಕುಗ್ಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

5. ಫಲಕಗಳ ಮೇಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ ತಾಮ್ರದ ಗೆರೆಗಳನ್ನು ಕೊರೆಯುತ್ತವೆ. ಅವುಗಳನ್ನು ಮೊಟ್ಟಮೊದಲು ತೆಗೆಯತಕ್ಕದ್ದು.

6. ಕಾಂತೀಯ ಕೋರ್ ಸ್ಮರಣಕೋಶವು ವಿದ್ಯುತ್ ಇಲ್ಲದಿದ್ದರೂ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ. ಕೊನೆಯ ಬಾರಿ ನಡೆಸಿದ ಕಾರ್ಯಕ್ರಮವು ಅದರಲ್ಲಿ ಇನ್ನೂ ಇರಬಹುದಾದ್ದರಿಂದ, ಸಾಧ್ಯವಾದಲ್ಲಿ ಹೊಸ ಕಾರ್ಯಕ್ರಮ ತುಂಬುವ ಮುನ್ನ ಅದನ್ನು ಓದಿ ದಾಖಲಿಸಬೇಕು.

7. ಯಂತ್ರವನ್ನು ಧೂಳು, ತೇವಾಂಶ ಹಾಗೂ ನೇರ ಬಿಸಿಲಿನಿಂದ ದೂರವಿಡತಕ್ಕದ್ದು. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಲೋಹದ ಸಂಪರ್ಕಗಳು ತುಕ್ಕು ಹಿಡಿಯುತ್ತವೆ.

8. ಬದಲಿಸಿದ ಪ್ರತಿಯೊಂದು ಮೂಲ ಭಾಗವನ್ನೂ ಚೀಟಿ ಅಂಟಿಸಿ ಕಾದಿರಿಸಿ, ದುರಸ್ತಿಯ ವಿವರಗಳನ್ನು ದಿನಾಂಕ ಸಹಿತ ವಹಿಯಲ್ಲಿ ನಮೂದಿಸಬೇಕು.

ಕಾನೂನಿನ ಅಂಶಗಳು

ಪುರಾವಸ್ತು ಮತ್ತು ಕಲಾ ಸಂಪತ್ತು ಅಧಿನಿಯಮ, 1972ರ ಪ್ರಕಾರ ಪುರಾವಸ್ತುವೆಂದು ಪರಿಗಣಿಸಲು ಸಾಮಾನ್ಯವಾಗಿ 100 ವರ್ಷಗಳ ಪ್ರಾಚೀನತೆ ಅಗತ್ಯ. ಯಾವ ಎಲೆಕ್ಟ್ರಾನಿಕ್ ಗಣಕಯಂತ್ರವೂ ಇನ್ನೂ ಅಷ್ಟು ಹಳೆಯದಲ್ಲ. ಅಂದರೆ ಇವುಗಳ ಉಳಿವು ಸದ್ಯಕ್ಕೆ ಮಾಲೀಕರ ವಿವೇಚನೆಯನ್ನೇ ಅವಲಂಬಿಸಿದೆ.

ದುರಸ್ತಿಗೆ ಬಾರದ ಭಾಗಗಳಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ವಿಷಕಾರಿ ವಸ್ತುಗಳಿರುತ್ತವೆ. ಅವುಗಳನ್ನು ಸುಡದೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅನ್ವಯ ನೋಂದಾಯಿತ ಸಂಸ್ಕರಣಕಾರರ ಮೂಲಕವೇ ವಿಲೇವಾರಿ ಮಾಡಬೇಕು.

ಸಾರ್ವಜನಿಕ ದಾಖಲೆಗಳ ಅಧಿನಿಯಮ, 1993ರಲ್ಲಿ ಗಣಕಯಂತ್ರದಿಂದ ಉತ್ಪನ್ನವಾದ ಸಾಮಗ್ರಿಯೂ ದಾಖಲೆಯ ವ್ಯಾಖ್ಯೆಗೆ ಒಳಪಟ್ಟಿದೆ. ಆದುದರಿಂದ ಸರ್ಕಾರಿ ಮೂಲದ ಟೇಪು ಅಥವಾ ಡಿಸ್ಕ್ ಯಂತ್ರದೊಂದಿಗೆ ಬಂದಿದ್ದಲ್ಲಿ ಅದನ್ನು ಅಳಿಸದೆ, ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವುದು ಸೂಕ್ತ. ನಾಗರಿಕರ ವೈಯಕ್ತಿಕ ವಿವರಗಳು ಅದರಲ್ಲಿರುವ ಸಾಧ್ಯತೆಯಿದ್ದು, ಅವುಗಳನ್ನು ಪ್ರಕಟಿಸುವುದಾಗಲೀ ಹಂಚುವುದಾಗಲೀ ಕೂಡದು.

ಸಾರ್ವಜನಿಕರ ವಿಶೇಷ ಗಮನಕ್ಕೆ

ಯಂತ್ರವನ್ನು ಚಾಲನೆಗೆ ತರಲು ಸಾಧ್ಯವಾಗದಿದ್ದರೂ ಅದನ್ನು ಇದ್ದ ಸ್ಥಿತಿಯಲ್ಲಿಯೇ ಕಾಪಾಡುವುದು ಸಹ ಸಂರಕ್ಷಣೆಯೇ ಆಗಿದೆ. ಕಾರ್ಯಕ್ರಮಗಳನ್ನು ನಕಲು ಮಾಡಿಕೊಂಡಲ್ಲಿ, ಸಿಮ್‌ಎಚ್‌ನಂತಹ ಅನುಕರಣ ತಂತ್ರಾಂಶದ ನೆರವಿನಿಂದ ಅವುಗಳನ್ನು ಇಂದಿನ ಗಣಕಯಂತ್ರದಲ್ಲಿ ನಡೆಸಬಹುದು. ತೂಕದ ಲೆಕ್ಕದಲ್ಲಿ ಗುಜರಿಗೆ ಮಾರಿದ ಯಂತ್ರವನ್ನು ಮರಳಿ ಪಡೆಯಲಾಗದು. ಆದ ಕಾರಣ, ವಿಲೇವಾರಿ ಮಾಡುವ ಮುನ್ನ ಸಮೀಪದ ವಸ್ತುಸಂಗ್ರಹಾಲಯ ಅಥವಾ ಇಂಜಿನಿಯರಿಂಗ್ ಕಾಲೇಜಿನೊಂದಿಗೆ ಸಮಾಲೋಚಿಸಲು ಸಾರ್ವಜನಿಕರನ್ನು ಕೋರಲಾಗಿದೆ.