ಪುಟ್ಟ ದೋಣಿಯ ಲೆಕ್ಕ

ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ವೈಟ್ ದ್ವೀಪಕ್ಕೂ ನಡುವೆ ಇರುವ ಸೋಲೆಂಟ್ ಜಲಸಂಧಿಯು ವಿಹಾರನೌಕೆಗಳಿಗೆ ಹೆಸರಾದುದು. ಯಾಟ್ ಎನಿಸಿಕೊಳ್ಳುವ ಈ ಹಾಯಿನೌಕೆಗಳ ತಳವು ಕೆಲವೊಮ್ಮೆ 2 ಮೀಟರಿನಷ್ಟು ನೀರಿನೊಳಗೆ ಇಳಿದಿರುತ್ತದೆ. ಆದಕಾರಣ ಅವುಗಳಲ್ಲಿ ಅನೇಕವು ದಡಕ್ಕೆ ಬಾರದೆ ಆಳವಾದ ನೀರಿನಲ್ಲಿಯೇ ಲಂಗರು ಹಾಕಿ ನಿಲ್ಲುತ್ತವೆ. ನಡುವಣ ನೂರಿನ್ನೂರು ಮೀಟರನ್ನು ದಾಟಲು ಡಿಂಗಿ ಎಂಬ ಪುಟ್ಟ ದೋಣಿಯೇ ಗತಿ. ಕಡಲಿನ ಅಪಾಯವೆಂದೊಡನೆ ನಮಗೆ ಬಿರುಗಾಳಿಯೂ ಹೆದ್ದೆರೆಗಳೂ ನೆನಪಾಗುತ್ತವೆ. ಆದರೆ ಸಾಗರವನ್ನೇ ದಾಟಿ ಬಂದ ನಾವಿಕನು ಈ ಕಿರುದಾರಿಯಲ್ಲಿ ಮುಳುಗುವ ಸಂಭವವಿದೆ. ಇದಕ್ಕೆ ಕಾರಣವೇನು? ಉತ್ತರವು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಅಡಗಿದೆ.

ವಿಹಾರನೌಕೆಯ ತೂಕ ಹಲವು ಟನ್ನುಗಳು. ಅದರ ಮೇಲೆ ಒಬ್ಬ ಮನುಷ್ಯ ಅತ್ತಿತ್ತ ನಡೆದಾಡಿದರೆ ಅದು ಲೆಕ್ಕಕ್ಕೇ ಬಾರದು. ಡಿಂಗಿಯ ಸಂಗತಿ ಬೇರೆ. ದೋಣಿಯ ತೂಕ 40 ಕಿಲೋಗ್ರಾಂ, ಹತ್ತುವವನ ತೂಕ 70 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಲ್ಲಿ ವಾಹನಕ್ಕಿಂತ ಸವಾರನೇ ಭಾರ! ದೋಣಿಯ ಗುರುತ್ವಕೇಂದ್ರವು ತಳದಿಂದ 20 ಸೆಂಟಿಮೀಟರ್ ಎತ್ತರದಲ್ಲಿಯೂ, ಕುಳಿತವನದು 50 ಸೆಂಟಿಮೀಟರ್ ಎತ್ತರದಲ್ಲಿಯೂ ಇದ್ದರೆ ಎರಡರ ಒಟ್ಟು ಗುರುತ್ವಕೇಂದ್ರ ಸುಮಾರು 39 ಸೆಂಟಿಮೀಟರಿನಲ್ಲಿರುತ್ತದೆ. ಅವನು ಎದ್ದು ನಿಂತು ತನ್ನ ಕೇಂದ್ರವನ್ನು 95 ಸೆಂಟಿಮೀಟರಿಗೆ ಏರಿಸಿದನೆಂದರೆ ಒಟ್ಟು ಕೇಂದ್ರವು 68ಕ್ಕೆ ಏರುತ್ತದೆ. 1746ರಲ್ಲಿ ಫ್ರಾನ್ಸಿನ ಪಿಯರ್ ಬೂಗೆ ತೋರಿಸಿಕೊಟ್ಟಂತೆ, ಗುರುತ್ವಕೇಂದ್ರವು ಮೇಲೇರಿದಷ್ಟೂ ವಾಲಿದ ದೋಣಿಯನ್ನು ಮರಳಿ ನೆಟ್ಟಗಾಗಿಸುವ ಶಕ್ತಿ ಕುಗ್ಗುತ್ತದೆ. ನಿಂತವನು ಅಂಚಿನ ಕಡೆಗೆ ಹೆಜ್ಜೆಯಿಟ್ಟರಂತೂ ಅವನ ತೂಕವೇ ದೋಣಿಯನ್ನು ಮಗುಚುವ ಸನ್ನೆಗೋಲಾಗುತ್ತದೆ. ಆದುದರಿಂದ ಒಬ್ಬೊಬ್ಬರಾಗಿ, ಬಾಗಿ, ನಡುಭಾಗದಲ್ಲಿ ಕಾಲಿಟ್ಟು ಒಡನೆಯೇ ಕುಳಿತುಬಿಡಬೇಕು.

ಇನ್ನು ಹೊರೆಯನ್ನು ನೋಡೋಣ. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 2 ಚದರ ಮೀಟರ್ ಇದ್ದರೆ, ಅದು ಒಂದು ಸೆಂಟಿಮೀಟರ್ ಇಳಿದಾಗ 20 ಲೀಟರ್, ಎಂದರೆ ಸುಮಾರು 20 ಕಿಲೋಗ್ರಾಂ ನೀರು ಪಕ್ಕಕ್ಕೆ ಸರಿಯುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ, 280 ಕಿಲೋಗ್ರಾಂ ತೂಗುವ ನಾಲ್ವರು ಕುಳಿತರೆ ದೋಣಿ ಸುಮಾರು 14 ಸೆಂಟಿಮೀಟರ್ ಇಳಿಯುತ್ತದೆ. ಬರಿದಾದ ದೋಣಿಯ ಅಂಚು ನೀರಿನಿಂದ 35 ಸೆಂಟಿಮೀಟರ್ ಮೇಲಿದ್ದುದು ಈಗ 21 ಮಾತ್ರ. ಶಾಂತವಾದ ನೀರಿನಲ್ಲಿ ಅಷ್ಟು ಸಾಕೆನಿಸೀತು. ಆದರೆ ಹಾದುಹೋಗುವ ಯಂತ್ರದೋಣಿಯೊಂದು ಎಬ್ಬಿಸಿದ ಅಲೆಯೇ ಒಳನುಗ್ಗಲು ಸಾಲುತ್ತದೆ. ಹಾಗೆ ಒಳಬಂದ ನೀರು ಸುಮ್ಮನಿರುವುದಿಲ್ಲ. ದೋಣಿ ಯಾವ ಕಡೆಗೆ ವಾಲಿತೋ ಆ ಕಡೆಗೇ ಹರಿದು ಅದನ್ನು ಮತ್ತಷ್ಟು ವಾಲಿಸುತ್ತದೆ. ಸದಾ ತಪ್ಪು ಬದಿಗೇ ಓಡುವ ಪ್ರಯಾಣಿಕನಂತೆ ಅದರ ವರ್ತನೆ. ಸಾಮಾನು ಹೆಚ್ಚಿದ್ದಾಗ ಎರಡು ಸಲ ಹೋಗಿಬರುವುದು ಸೋಮಾರಿಗೆ ಶ್ರಮವೆನಿಸಿದರೂ ವಿವೇಕಿಗೆ ಲಾಭವೇ.

ಬಿದ್ದವನು ಈಜಿ ದಡ ಸೇರಲಾರನೆ ಎಂದು ವಾಚಕರು ಕೇಳಬಹುದು. 2 ನಾಟ್ ವೇಗದ ಉಬ್ಬರವಿಳಿತದ ಸೆಳೆತವು ಒಂದು ನಿಮಿಷದಲ್ಲಿ 60 ಮೀಟರಿಗೂ ಹೆಚ್ಚು ದೂರ ಒಯ್ಯುತ್ತದೆ. ಅದಕ್ಕೆ ಎದುರಾಗಿ ಸೆಕೆಂಡಿಗೆ ಒಂದು ಮೀಟರಿನಂತೆ ಈಜುವ ಸಮರ್ಥನೂ ಇದ್ದಲ್ಲಿಯೇ ಇರುತ್ತಾನೆ. ಅಲ್ಲಿನ ಕಡಲು ಚಳಿಗಾಲದಲ್ಲಿ 10 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗಿಳಿಯುವುದುಂಟು. ಅಂಥ ನೀರಿಗೆ ಬಿದ್ದೊಡನೆ ಮನುಷ್ಯನು ತಡೆಯಲಾರದೆ ಏದುಸಿರು ಬಿಡುತ್ತಾನೆ. ಆಗ ಬಾಯಿ ನೀರಿನೊಳಗಿದ್ದರೆ ಉಸಿರಿನ ಬದಲು ನೀರೇ ಒಳಸೇರುತ್ತದೆ. ಮೊದಲು ಅಂಗಾತವಾಗಿ ತೇಲುತ್ತ ಉಸಿರು ಹದಕ್ಕೆ ಬರುವವರೆಗೆ ಕಾಯಬೇಕೆಂಬುದು, 1824ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಯ ಉಪದೇಶ.

ತೇಲಲು ನೆರವಾಗುವುದೇ ಲೈಫ್ ಜಾಕೆಟ್. 150 ನ್ಯೂಟನ್ ಬಲದ ಜಾಕೆಟ್ ಸುಮಾರು 15 ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯಬಲ್ಲದು. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಆದುದರಿಂದ, ತಲೆಯನ್ನು ನೀರಿನ ಮೇಲಿರಿಸಲು ಇಷ್ಟು ಬಲ ಧಾರಾಳ. ಆದರೆ ಅದನ್ನು ದಡದಲ್ಲಿಯೇ ತೊಟ್ಟಿರಬೇಕು. ನೀರಿನಲ್ಲಿ ಮುಳುಗೇಳುತ್ತ ತೊಡುವುದು ಬಹು ಕಷ್ಟ. ಯಂತ್ರವಿದ್ದರೂ ಹುಟ್ಟುಗಳು, ನೀರು ಮೊಗೆಯುವ ಪಾತ್ರೆ, ಕತ್ತಲಿಗೊಂದು ಟಾರ್ಚ್ ದೋಣಿಯಲ್ಲಿರಬೇಕು.

ದಾರಿ ಚಿಕ್ಕದೆಂದು ಪ್ರಕೃತಿಯ ನಿಯಮಗಳು ಸಡಿಲವಾಗುವುದಿಲ್ಲ. ನಮ್ಮ ಹೊಳೆಗಳ ದೋಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಾಲಿಡುವ ಮೊದಲು ಅಂಚು ನೀರಿನಿಂದ ಎಷ್ಟು ಮೇಲಿದೆಯೆಂದು ಒಮ್ಮೆ ನೋಡುವ ವಿದ್ಯಾರ್ಥಿಯು ಆರ್ಕಿಮಿಡೀಸನನ್ನು ನಿಜವಾಗಿ ಓದಿದವನೆಂದು ನಾವು ಹೇಳುತ್ತೇವೆ.