ದಕ್ಷಿಣ ಕನ್ನಡದ ಎಂಡೋಸಲ್ಫಾನ್ ದುರಂತ ಮತ್ತು ಸರ್ಕಾರದ ನೀತಿ

ದಕ್ಷಿಣ ಕನ್ನಡದ ಎಂಡೋಸಲ್ಫಾನ್ ದುರಂತವು ಕರ್ನಾಟಕದ ಬೆಳ್ತಂಗಡಿ, ಪುತ್ತೂರು, ಸುಳ್ಯ, ಬಂಟ್ವಾಳ ಮುಂತಾದ ತಾಲೂಕುಗಳಲ್ಲಿ ಸಂಭವಿಸಿದ ದೀರ್ಘಕಾಲಿಕ ಸಾರ್ವಜನಿಕ ಆರೋಗ್ಯ ದುರಂತವಾಗಿದೆ. ಸರ್ಕಾರಿ ಒಡೆತನದ ಗೇರು ತೋಪುಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರ್ ಮೂಲಕ ಸಿಂಪಡಿಸಲಾದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಇದಕ್ಕೆ ಕಾರಣವೆಂದು ಗುರುತಿಸಲಾಗುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಮತ್ತು ನಿಡ್ಲೆ ಗ್ರಾಮಗಳು ಇದರಿಂದ ಹೆಚ್ಚು ಬಾಧಿತವಾದವು. ನೆರೆಯ ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಪ್ರದೇಶವಾದ ಎಣ್ಮಕಜೆಯಲ್ಲಿಯೂ ಇದೇ ಸ್ಥಿತಿ ಉಂಟಾಯಿತು. ವಿಷವನ್ನು ಸಿಂಪಡಿಸಿದ್ದು ಸರ್ಕಾರದ ಸಂಸ್ಥೆ. ಅದನ್ನು ನಿಷೇಧಿಸಬೇಕಾಗಿದ್ದುದೂ ಪರಿಹಾರ ನೀಡಬೇಕಾಗಿದ್ದುದೂ ಸರ್ಕಾರವೇ. ಈ ಪ್ರಕರಣದ ಜಟಿಲತೆಯ ಮೂಲ ಇಲ್ಲಿದೆ.

ಹಿನ್ನೆಲೆ

ಎಂಡೋಸಲ್ಫಾನ್ ಕ್ಲೋರಿನ್‌ಯುಕ್ತ ಸಾವಯವ ಕೀಟನಾಶಕ. ಜರ್ಮನಿಯ ಹೋಕ್ಸ್ಟ್ ಕಂಪನಿಯು 1950ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದು ನರಮಂಡಲದಲ್ಲಿ ಉದ್ರೇಕವನ್ನು ಹತೋಟಿಯಲ್ಲಿಡುವ ಗಾಬಾ ಎಂಬ ರಾಸಾಯನಿಕದ ಕಾರ್ಯಕ್ಕೆ ತಡೆಯೊಡ್ಡುತ್ತದೆ. ಆದುದರಿಂದ ತೀವ್ರ ವಿಷಬಾಧೆಗೆ ಒಳಗಾದವರಲ್ಲಿ ಅಪಸ್ಮಾರದಂತಹ ಸೆಳೆತಗಳು ಕಾಣಿಸಿಕೊಳ್ಳುತ್ತವೆ. ಮಣ್ಣಿನಲ್ಲಿ ಇದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಬಹುಕಾಲ ಉಳಿಯುತ್ತದೆ.

ಕರ್ನಾಟಕ ಗೇರು ಅಭಿವೃದ್ಧಿ ನಿಗಮವು 1978ರಲ್ಲಿ ಸ್ಥಾಪನೆಯಾಯಿತು. ಮಂಗಳೂರು ಗೇರುಬೀಜ ಸಂಸ್ಕರಣೆಯ ಹಳೆಯ ಕೇಂದ್ರ. ಇಲ್ಲಿನ ಕಾರ್ಖಾನೆಗಳು ಕಚ್ಚಾ ಬೀಜಕ್ಕಾಗಿ ಆಫ್ರಿಕಾದ ದೇಶಗಳನ್ನು ಅವಲಂಬಿಸಿದ್ದುದರಿಂದ ಸ್ಥಳೀಯ ಇಳುವರಿಯನ್ನು ಹೆಚ್ಚಿಸುವುದು ಸರ್ಕಾರದ ಉದ್ದೇಶಗಳಲ್ಲೊಂದಾಗಿತ್ತು. ಗೇರಿನ ಮುಖ್ಯ ಶತ್ರು ಟೀ ಸೊಳ್ಳೆ ಎಂದು ಕರೆಯಲ್ಪಡುವ ತಿಗಣೆ ಜಾತಿಯ ಕೀಟ. ಚಿಗುರು, ಹೂವು, ಎಳೆಗಾಯಿ ಮೂರರ ರಸವನ್ನೂ ಹೀರುವ ಇದರ ಹತೋಟಿಗೆ ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಹೀಗೆ ಮೂರು ಬಾರಿ ಸಿಂಪಡಣೆಯನ್ನು ಶಿಫಾರಸು ಮಾಡಲಾಗುತ್ತಿತ್ತು.

ಕೈಪಂಪಿನಿಂದ ಸಿಂಪಡಿಸಿದ್ದರೆ ಇಷ್ಟು ಅನಾಹುತವಾಗುತ್ತಿರಲಿಲ್ಲವೆಂದು ಹಲವರ ಅಭಿಪ್ರಾಯ. ಇದನ್ನು ತಿಳಿಯಲು ಈ ಭಾಗದ ನೆಲದ ರಚನೆಯನ್ನು ಗಮನಿಸಬೇಕು. ಗೇರು ತೋಪುಗಳು ಇರುವುದು ಮುರಕಲ್ಲಿನ ಪದವುಗಳ ಮೇಲೆ; ಮನೆ, ಶಾಲೆ, ಅಡಿಕೆ ತೋಟ, ಬಾವಿ, ತೋಡು ಎಲ್ಲವೂ ಪದವಿನ ಬುಡದಲ್ಲಿ. ಅನೇಕ ಮನೆಗಳಿಗೆ ಕುಡಿಯುವ ನೀರು ಬರುವುದು ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ. ಆಕಾಶದಿಂದ ಉದುರಿದ ಹನಿಗಳು ಗಾಳಿಯಲ್ಲಿ ತೇಲಿ ಕಣಿವೆಗೆ ಇಳಿದವು. ಮರದ ಮೇಲೆ ಬಿದ್ದುದು ಮಳೆಗಾಲದಲ್ಲಿ ತೊಳೆದು ಅಲ್ಲಿಗೇ ಹರಿಯಿತು. ಸಿಂಪಡಣೆಗೆ ಮುನ್ನ ಜಲಮೂಲಗಳನ್ನು ಮುಚ್ಚಬೇಕೆಂಬ ನಿಯಮವಿತ್ತು. ತೋಡನ್ನು ಮುಚ್ಚುವುದು ಹೇಗೆಂಬುದನ್ನು ಮಾತ್ರ ನಿಯಮ ಹೇಳಲಿಲ್ಲ. 2000ದ ಸುಮಾರಿಗೆ ವೈಮಾನಿಕ ಸಿಂಪಡಣೆ ನಿಂತಿತು.

ದುರಂತವು ಬೆಳಕಿಗೆ ಬಂದ ಬಗೆ

ಮೊದಲ ಎಚ್ಚರಿಕೆ ಬಂದುದು ಗಡಿಯ ಆಚೆಯಿಂದ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕರುಗಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದಿದ್ದರು. ಅದೇ ಊರಿನ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಜನ್ಮಜಾತ ವೈಕಲ್ಯ ಮತ್ತು ಅರ್ಬುದ ರೋಗಗಳು ಅಸಹಜ ಪ್ರಮಾಣದಲ್ಲಿರುವುದನ್ನು ಗುರುತಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯಲ್ಲಿ ಅಧ್ಯಯನ ನಡೆಸಿ, ಅಲ್ಲಿನ ಮಕ್ಕಳಲ್ಲಿ ಕಲಿಕೆ, ಬೆಳವಣಿಗೆ ಮತ್ತು ಜನ್ಮಜಾತ ದೋಷಗಳ ವ್ಯತ್ಯಾಸವು ಎಂಡೋಸಲ್ಫಾನಿಗೆ ಸಂಬಂಧಿಸಿದ್ದಿರಬಹುದೆಂದು 2002ರ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಆದರೆ ಕೇಂದ್ರ ಕೃಷಿ ಸಚಿವಾಲಯದ ದುಬೆ ಸಮಿತಿ ಮತ್ತು ತರುವಾಯದ ಮಾಯಿ ಸಮಿತಿ ಈ ಸಂಬಂಧವನ್ನು ಒಪ್ಪಲಿಲ್ಲ. ಒಂದೇ ಸರ್ಕಾರದ ಆರೋಗ್ಯ ಸಂಸ್ಥೆ ಒಂದು ಮಾತನ್ನೂ ಕೃಷಿ ಸಮಿತಿಗಳು ಇನ್ನೊಂದು ಮಾತನ್ನೂ ಹೇಳಿದ ಈ ಸ್ಥಿತಿಯು ಮುಂದಿನ ಹತ್ತು ವರ್ಷಗಳ ಅನಿಶ್ಚಿತತೆಗೆ ಬುನಾದಿಯಾಯಿತು.

ಇತ್ತ ಕೊಕ್ಕಡದಲ್ಲಿ ಕೂಗೆದ್ದುದು ಸ್ವಲ್ಪ ತಡವಾಗಿ. ಸ್ಥಳೀಯರ ಹೋರಾಟ ಸಮಿತಿಯೊಂದು ಮನೆಮನೆಯಿಂದ ವಿವರ ಸಂಗ್ರಹಿಸಿ ಜಿಲ್ಲಾಡಳಿತದ ಗಮನ ಸೆಳೆದ ಬಳಿಕವೇ ಇಲ್ಲಿನ ಪೀಡಿತರು ಸರ್ಕಾರಿ ಕಡತಗಳಲ್ಲಿ ಕಾಣಿಸಿಕೊಂಡರು.

ನಿಷೇಧದ ಗೊಂದಲ

ಸಂವಿಧಾನದಲ್ಲಿ ಕೃಷಿ ಹಾಗೂ ಸಾರ್ವಜನಿಕ ಆರೋಗ್ಯ ಎರಡೂ ರಾಜ್ಯಪಟ್ಟಿಯ ವಿಷಯಗಳು. ಆದರೆ ಕೀಟನಾಶಕಗಳ ನೋಂದಣಿಯು 1968ರ ಕೇಂದ್ರ ಕೀಟನಾಶಕ ಅಧಿನಿಯಮಕ್ಕೆ ಒಳಪಟ್ಟಿದೆ. ಈ ಅಧಿನಿಯಮದ 27ನೇ ಪ್ರಕರಣದಂತೆ ರಾಜ್ಯ ಸರ್ಕಾರವು ಒಂದು ಕೀಟನಾಶಕವನ್ನು 60 ದಿನಗಳಿಗೆ ಮೀರದಂತೆ, ತನಿಖೆ ಮುಗಿಯದಿದ್ದಲ್ಲಿ ಮತ್ತೆ ಒಟ್ಟು 30 ದಿನಗಳಿಗೆ ಮೀರದಂತೆ ಮಾತ್ರ ತಡೆಹಿಡಿಯಬಹುದು. ಶಾಶ್ವತ ನಿಷೇಧದ ಅಧಿಕಾರ ರಾಜ್ಯಕ್ಕಿಲ್ಲ.

2011ರ ಫೆಬ್ರವರಿಯಲ್ಲಿ ಬಿ. ಎಸ್. ಯಡಿಯೂರಪ್ಪನವರ ಸರ್ಕಾರವು ಕರ್ನಾಟಕದಲ್ಲಿ ಎಂಡೋಸಲ್ಫಾನನ್ನು ತಡೆಹಿಡಿದುದು ಈ ಮಿತಿಯೊಳಗೇ. ಆ ಅರವತ್ತು ದಿನಗಳು ಏಪ್ರಿಲಿನಲ್ಲಿ ಮುಗಿಯುವಂತಿದ್ದವು. ಅದೇ ಏಪ್ರಿಲಿನ ಕೊನೆಯ ವಾರ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳ ಸಮ್ಮೇಳನ ನಡೆದು, ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಲಾಯಿತು. ಮೊದಲಿಗೆ ವಿರೋಧಿಸಿದ ಭಾರತವು ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿಕೊಂಡಿತು. ಹತ್ತಿ, ಭತ್ತ, ಚಹಾ, ಕಾಫಿ, ಮಾವು ಮುಂತಾದವು ವಿನಾಯಿತಿ ಪಟ್ಟಿಯಲ್ಲಿದ್ದವು; ಗೇರು ಇರಲಿಲ್ಲ.

ವಾಣಿಜ್ಯದ ಪ್ರಶ್ನೆ

ಕೇಂದ್ರ ಸರ್ಕಾರದ ಹಿಂಜರಿಕೆಗೆ ವಾಣಿಜ್ಯವೂ ಕಾರಣವಾಗಿತ್ತು. ಆ ಹೊತ್ತಿಗೆ ಭಾರತವು ಎಂಡೋಸಲ್ಫಾನಿನ ಅತಿ ದೊಡ್ಡ ಉತ್ಪಾದಕ ರಾಷ್ಟ್ರ. ಸಾರ್ವಜನಿಕ ವಲಯದ ಹಿಂದುಸ್ಥಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆಯೂ ಉತ್ಪಾದಕರಲ್ಲಿ ಒಂದು. ಪೇಟೆಂಟ್ ಮುಗಿದ ಅಗ್ಗದ ಔಷಧವನ್ನು ತೆಗೆದು ಯುರೋಪಿನ ದುಬಾರಿ ಔಷಧಗಳಿಗೆ ದಾರಿ ಮಾಡಿಕೊಡುವ ಹುನ್ನಾರವಿದು ಎಂಬುದು ಉದ್ಯಮದ ವಾದವಾಗಿತ್ತು. ಸಣ್ಣ ರೈತನ ಖರ್ಚಿನ ದೃಷ್ಟಿಯಿಂದ ಈ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಕೊಕ್ಕಡದ ಪದವುಗಳಲ್ಲಿ ಸಿಂಪಡಿಸಿದವನು ಸಣ್ಣ ರೈತನಲ್ಲ, ಸರ್ಕಾರದ ನಿಗಮ.

ನ್ಯಾಯಾಲಯಗಳಲ್ಲಿ

ವಿದ್ಯಾರ್ಥಿಗಳು ಇಲ್ಲಿ ಎರಡು ಆದೇಶಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ಡಿವೈಎಫ್‌ಐ ಸಲ್ಲಿಸಿದ ರಿಟ್ ಅರ್ಜಿಯ ಮೇಲೆ 2011ರ ಮೇ 13ರಂದು ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ಅವರ ನೇತೃತ್ವದ ಸುಪ್ರೀಂ ಕೋರ್ಟ್ ಪೀಠವು ದೇಶದಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ಮಧ್ಯಂತರ ತಡೆ ನೀಡಿತು. ರಾಜ್ಯಕ್ಕೆ ಅಧಿಕಾರವಿಲ್ಲದ, ಕೇಂದ್ರಕ್ಕೆ ಮನಸ್ಸಿಲ್ಲದ ನಿಷೇಧವು ಹೀಗೆ ನ್ಯಾಯಾಲಯದ ಮೂಲಕ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು, ಈಗಾಗಲೇ ತಯಾರಾಗಿದ್ದ ಸಾವಿರ ಟನ್ನಿಗೂ ಮೀರಿದ ದಾಸ್ತಾನನ್ನು ರಫ್ತು ಮಾಡಲು ನ್ಯಾಯಾಲಯ ಅನುಮತಿಸಿತು.

ಎರಡನೆಯದು 2017ರ ಜನವರಿ 10ರ ಆದೇಶ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡುವಂತೆ ಸುಪ್ರೀಂ ಕೋರ್ಟ್ ಸೂಚಿಸಿತು. ಆದರೆ ಆದೇಶವಾದುದು ಕೇರಳ ಸರ್ಕಾರಕ್ಕೆ. ಕೇರಳವೂ ಅದನ್ನು ಸಕಾಲದಲ್ಲಿ ಪಾಲಿಸದೆ 2022ರಲ್ಲಿ ನ್ಯಾಯಾಲಯದ ತೀವ್ರ ಅಸಮಾಧಾನಕ್ಕೆ ಗುರಿಯಾಯಿತು. ಎಣ್ಮಕಜೆಯಲ್ಲಿಯೂ ಕೊಕ್ಕಡದಲ್ಲಿಯೂ ಮರಗಳು, ಕೀಟ, ಔಷಧ, ಸಿಂಪಡಿಸಿದ ಕ್ರಮ ಎಲ್ಲವೂ ಒಂದೇ ಆಗಿದ್ದರೂ ರಾಜ್ಯದ ಗಡಿಯ ಕಾರಣದಿಂದ ಪರಿಹಾರದ ಹಕ್ಕು ಒಂದೇ ಆಗಲಿಲ್ಲ.

ಪರಿಹಾರ ಕ್ರಮಗಳು

ಕರ್ನಾಟಕ ಸರ್ಕಾರವು ಕೊಕ್ಕಡ, ಪಟ್ರಮೆ, ನಿಡ್ಲೆಯ ಪೀಡಿತರಿಗೆ ಮೊದಲ ಹಂತದಲ್ಲಿ ತಲಾ 50,000 ರೂಪಾಯಿಯ ಒಂದಾವರ್ತಿ ನೆರವು ಮತ್ತು ಮಾಸಾಶನ ನೀಡಿತು. ತರುವಾಯ ಹೈಕೋರ್ಟಿನ ಮಧ್ಯಪ್ರವೇಶದಿಂದ ಸಮೀಕ್ಷೆಯು ಜಿಲ್ಲೆಯ ಇತರ ಭಾಗಗಳಿಗೂ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೂ ವಿಸ್ತರಿಸಿತು. ಅಂಗವಿಕಲತೆಯ ಪ್ರಮಾಣ ಶೇ. 25ಕ್ಕಿಂತ ಹೆಚ್ಚಿದ್ದವರಿಗೆ 1,500 ರೂಪಾಯಿ, ಶೇ. 60ಕ್ಕಿಂತ ಹೆಚ್ಚಿದ್ದವರಿಗೆ 3,000 ರೂಪಾಯಿ ಎಂದು ಮಾಸಾಶನವನ್ನು ನಿಗದಿಪಡಿಸಲಾಯಿತು. ಸಾಮಾನ್ಯ ಅಂಗವಿಕಲ ಸೌಲಭ್ಯಗಳಿಗೆ ಶೇ. 40ರ ಮಿತಿಯಿರುವುದನ್ನು ಗಮನಿಸಿದರೆ ಇದು ಉದಾರವೆನ್ನಬಹುದು. ಆದರೆ ಅಪಸ್ಮಾರ, ಬಂಜೆತನ, ಚರ್ಮರೋಗ, ಅರ್ಬುದಗಳನ್ನು ಶೇಕಡಾವಾರು ಅಳೆಯುವುದು ಕಷ್ಟ. ಅನೇಕ ಅರ್ಜಿಗಳು ಇಲ್ಲಿಯೇ ತೊಡಕಿಗೆ ಸಿಕ್ಕಿದವು.

ಹಳೆಯ ದಾಖಲೆಗಳನ್ನು ಹುಡುಕುವವರಿಗೆ ಒಂದು ಸೂಚನೆ: ಹೊಸ ತಾಲೂಕುಗಳು ರಚನೆಯಾಗುವ ಮೊದಲು ಮೂಡುಬಿದಿರೆಯು ಮಂಗಳೂರು ತಾಲೂಕಿಗೂ, ಕೊಯಿಲ, ಆಲಂಕಾರು ಮುಂತಾದ ಇಂದಿನ ಕಡಬದ ಗ್ರಾಮಗಳು ಪುತ್ತೂರು ತಾಲೂಕಿಗೂ ಸೇರಿದ್ದವು. ಪೀಡಿತರ ಪಟ್ಟಿಗಳಲ್ಲಿ ಅವು ಹಾಗೆಯೇ ನಮೂದಾಗಿವೆ.

ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಆರಂಭವಾದವು. ಮಕ್ಕಳನ್ನು ಬೆಳಿಗ್ಗೆ ವಾಹನದಲ್ಲಿ ಕರೆತಂದು, ಊಟ, ವ್ಯಾಯಾಮ ಚಿಕಿತ್ಸೆ, ಸರಳ ತರಬೇತಿ ನೀಡಿ ಸಂಜೆ ಮನೆಗೆ ಬಿಡುವ ವ್ಯವಸ್ಥೆಯಿದು. ಇದರ ನಿಜವಾದ ಉಪಕಾರವಾದುದು ತಾಯಂದಿರಿಗೆ. ಹಗಲು ಬೀಡಿ ಕಟ್ಟುವುದಕ್ಕೋ ತೋಟದ ಕೂಲಿಗೋ ಹೋಗಲು ಅವರಿಗೆ ಬಿಡುವು ದೊರಕಿತು. ಹಾಸಿಗೆ ಹಿಡಿದವರಿಗೆ ಈ ಕೇಂದ್ರಗಳಿಂದ ಪ್ರಯೋಜನವಾಗದು. ಆದಕಾರಣ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂಬುದು ಹೋರಾಟಗಾರರ ಬಹುಕಾಲದ ಬೇಡಿಕೆ. ಅಂದಿನ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ, ಅವರನ್ನು ಎತ್ತಿ ಮಲಗಿಸುತ್ತಿದ್ದ ತಂದೆತಾಯಿಗಳು ಮುದುಕರಾಗಿದ್ದಾರೆ. 2011ರಿಂದ 2013ರ ನಡುವೆ ರಾಜ್ಯದಲ್ಲಿ ಯಡಿಯೂರಪ್ಪ, ಡಿ. ವಿ. ಸದಾನಂದ ಗೌಡ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ ಹೀಗೆ ನಾಲ್ವರು ಮುಖ್ಯಮಂತ್ರಿಗಳಾದರು; ಪ್ರತಿ ಬದಲಾವಣೆಯಲ್ಲಿಯೂ ಮನವಿಪತ್ರವನ್ನು ಹೊಸಬರಿಗೆ ಹೊಸದಾಗಿ ಸಲ್ಲಿಸಬೇಕಾಗುತ್ತಿತ್ತು.

ವಿಕೋಪ ಎಂಬ ವ್ಯಾಖ್ಯೆ

2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಪರಿಸರದಲ್ಲಿ ನೆರೆ ಮತ್ತು ಗುಡ್ಡ ಕುಸಿತ ಉಂಟಾದಾಗ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿಯನ್ನೂ, ಪೂರ್ಣ ಕುಸಿದ ಮನೆಗಳಿಗೆ 5 ಲಕ್ಷ ರೂಪಾಯಿಯನ್ನೂ ಸರ್ಕಾರ ಘೋಷಿಸಿತು. ನೆರೆ, ಬರ, ಭೂಕಂಪ, ಭೂಕುಸಿತಗಳು ವಿಕೋಪ ಪರಿಹಾರ ನಿಧಿಯ ಅಧಿಸೂಚಿತ ಪಟ್ಟಿಯಲ್ಲಿರುವುದರಿಂದ ಇಂತಹ ಸಂದರ್ಭಗಳಲ್ಲಿ ಹಣ ಬಿಡುಗಡೆಗೆ ನಿಗದಿತ ಮಾರ್ಗವಿದೆ. ಅದೇ ಪಟ್ಟಿಯಲ್ಲಿ ಕೀಟಬಾಧೆಯೂ ಸೇರಿದೆ. ಕೀಟನಾಶಕದ ಬಾಧೆ ಸೇರಿಲ್ಲ. ಒಂದು ದಿನದಲ್ಲಿ ಘಟಿಸದೆ ಇಪ್ಪತ್ತು ವರ್ಷಗಳಲ್ಲಿ ಹನಿಹನಿಯಾಗಿ ಘಟಿಸಿದ ಹಾನಿಗೆ ತಹಶೀಲ್ದಾರರು ಬರೆಯುವ ಪಂಚನಾಮೆಯ ನಮೂನೆಯೂ ಇಲ್ಲ. ಹೀಗಾಗಿ ಎಂಡೋಸಲ್ಫಾನ್ ಪೀಡಿತರಿಗೆ ದೊರೆತ ನೆರವೆಲ್ಲವೂ ಪ್ರತ್ಯೇಕ ಸರ್ಕಾರಿ ಆದೇಶಗಳ ಮೂಲಕ ಬಂದುದಾಗಿದೆ.