ಗಾಳಿ ಬಂದಾಗ ತೂರಿಕೊಳ್ಳುವ ಆಟ

ಹೈದರಾಬಾದಿಗೆ ಹೋದಾಗ ಹುಸೇನ್ ಸಾಗರದ ದಂಡೆಯಲ್ಲಿ ನಿಂತು ನೀರಿನ ನಡುವಿನ ಬುದ್ಧನ ವಿಗ್ರಹವನ್ನು ನೀವು ನೋಡಿರಬಹುದು. ಮುಂಗಾರಿನ ದಿನಗಳಲ್ಲಿ ಹೋದರೆ ಇನ್ನೊಂದು ನೋಟವೂ ಕಾಣಸಿಗುತ್ತದೆ. ಬಿಳಿಯ ಹಾಯಿ ಬಿಚ್ಚಿದ ಪುಟ್ಟ ದೋಣಿಗಳು ಅಲ್ಲಿ ಪಂದ್ಯಕ್ಕೆ ಇಳಿದಿರುತ್ತವೆ. ಹಾಯಿದೋಣಿ ಎಂದರೆ ಕಡಲತೀರದವರ ಸೊತ್ತು ಇಲ್ಲವೇ ಸಿರಿವಂತರ ಶೋಕಿ, ಒಣಸೀಮೆಯ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಹುಸೇನ್ ಸಾಗರವೂ 16ನೆಯ ಶತಮಾನದಲ್ಲಿ ಕಟ್ಟಿಸಿದ ಒಂದು ಕೆರೆಯೇ. 2009ರಲ್ಲಿ ಆರಂಭವಾದ ಯಾಚ್ ಕ್ಲಬ್ ಆಫ್ ಹೈದರಾಬಾದ್ ಬಡಮನೆಗಳ ಮಕ್ಕಳಿಗೂ ಇಲ್ಲಿ ಈ ವಿದ್ಯೆ ಕಲಿಸಿದೆ.

ಮೊದಲು ದೋಣಿಯ ಪರಿಚಯ ಮಾಡಿಕೊಳ್ಳೋಣ. ಬ್ರೂಸ್ ಕರ್ಬಿ ಎಂಬ ಕೆನಡಾದವರು ರೂಪಿಸಿದ ಲೇಸರ್ ದೋಣಿ 1971ರಲ್ಲಿ ಮಾರುಕಟ್ಟೆಗೆ ಬಂತು, 1996ರಿಂದ ಒಲಿಂಪಿಕ್ಸ್‌ನಲ್ಲಿದೆ. 2019ರ ನಂತರ ಅದಕ್ಕೆ ಐಎಲ್‌ಸಿಎ ಎಂಬ ಹೆಸರು. ಉದ್ದ ಸುಮಾರು 4.2 ಮೀಟರು, ತೂಕ ಸುಮಾರು 59 ಕಿಲೋ. ಒಬ್ಬರೇ ನಡೆಸುವ ದೋಣಿ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ದೊಡ್ಡವರಿಗೆ 7 ಚದರ ಮೀಟರಿನ ಹಾಯಿ, ಹಗುರ ಮೈಯ ಎಳೆಯರಿಗೆ 4.7 ಚದರ ಮೀಟರಿನದು. ದೋಣಿಯ ಒಡಲು ಮಾತ್ರ ಎಲ್ಲರಿಗೂ ಒಂದೇ.

ಕಲಿಯುವವರಿಗೆ ಮೊದಲ ಪಾಠ ಮಗುಚಿ ಬೀಳುವುದು! ರಕ್ಷಾಕವಚ ತೊಟ್ಟೇ ನೀರಿಗಿಳಿಯಬೇಕು. ಮಗುಚಿದರೆ ದೋಣಿಯನ್ನು ಬಿಟ್ಟು ಈಜಿ ಹೋಗಬಾರದು. ಅದರ ಮೂತಿಯನ್ನು ಗಾಳಿಯತ್ತ ತಿರುಗಿಸಿ, ಅಡಿಯಿಂದ ಚಾಚಿರುವ ಹಲಗೆಯ ಮೇಲೆ ಹತ್ತಿ ನಿಂತು ಭಾರ ಹಾಕಿದರೆ ದೋಣಿ ತಾನಾಗಿ ಎದ್ದು ನಿಲ್ಲುತ್ತದೆ. ನಾಲ್ಕಾರು ಸಲ ಬಿದ್ದೆದ್ದ ಮೇಲೆ ಭಯ ಹೋಗುತ್ತದೆ.

ಎರಡನೆಯ ಪಾಠ, ಗಾಳಿಗೆ ಎದುರಾಗಿ ಹೋಗುವುದು. ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿಯೇ ಸಾಗಬೇಕು. ಘಟ್ಟದ ರಸ್ತೆ ತಿರುವು ತಿರುವಾಗಿ ಏರುವಂತೆ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಹೊರಳುತ್ತ ಹೋಗಬೇಕು. ದೋಣಿ ಪಕ್ಕಕ್ಕೆ ಜಾರದಂತೆ ಅಡಿಯ ಹಲಗೆ ತಡೆಯುತ್ತದೆ. ಒಂದು ಕಡೆ ವಾಲಿದರೆ ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ ಮೈಯನ್ನು ಹೊರಕ್ಕೆ ಚಾಚಬೇಕು.

ಇನ್ನು ಪಂದ್ಯ. ಹೊರಡಲು 5 ನಿಮಿಷ ಇರುವಾಗ ಬಾವುಟ ಏರಿ ತುತ್ತೂರಿ ಕೂಗುತ್ತದೆ. 4 ನಿಮಿಷಕ್ಕೆ, 1 ನಿಮಿಷಕ್ಕೆ ಮತ್ತೆ ಸೂಚನೆ. ದೋಣಿಗೆ ಬ್ರೇಕ್ ಇಲ್ಲವಾದ್ದರಿಂದ ಗೆರೆಯ ಹಿಂದೆ ಸುಳಿದಾಡುತ್ತ ಕಾಯಬೇಕು. ಮುಂಚೆಯೇ ಗೆರೆ ದಾಟಿದರೆ ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ಎರಡು ದೋಣಿ ಎದುರುಬದುರಾದರೆ, ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಗಡೆಯಿಂದ ಪಡೆಯುತ್ತಿರುವುದು ದಾರಿ ಬಿಡಬೇಕು. ತಪ್ಪಿದವರು ತಾವಾಗಿಯೇ ಎರಡು ಸುತ್ತು ತಿರುಗಿ ದಂಡ ತೆರಬೇಕು.

ಹೊಸಬರು ಸೋಲುವುದು ಮುಖ್ಯವಾಗಿ ಗಾಳಿಯನ್ನು ಓದಲಾರದೆ. ಕಡಲಗಾಳಿಯಂತೆ ಕೆರೆಯ ಗಾಳಿ ಒಂದೇ ಸಮನಲ್ಲ. ದಂಡೆಯ ಮರ, ಕಟ್ಟಡಗಳಿಗೆ ತಾಗಿ ಗಳಿಗೆಗೊಮ್ಮೆ ತಿರುಗುತ್ತದೆ. ನೀರಿನ ಮೇಲೆ ಕಪ್ಪು ಕಿರುದೆರೆ ಹಬ್ಬಿ ಬಂದರೆ ಅಲ್ಲಿ ಗಾಳಿಯಿದೆ. ಕನ್ನಡಿಯಂತೆ ಹೊಳೆದರೆ ಇಲ್ಲ. ಎದುರುಗಾಳಿಯಲ್ಲಿ ಸಾಗುವಾಗ ದೋಣಿಯ ಮೂತಿ ಗುರಿಯಿಂದ ದೂರ ಸರಿಯತೊಡಗಿದರೆ ಗಾಳಿ ತಿರುಗಿದೆ ಎಂದರ್ಥ. ಆಗ ಮಗ್ಗುಲು ಬದಲಿಸಿದವರು ಹತ್ತಿರದ ದಾರಿ ಹಿಡಿಯುತ್ತಾರೆ. ಹಟ ಹಿಡಿದವರು ಹಿಂದೆ ಬೀಳುತ್ತಾರೆ. ಕಣದಲ್ಲಿ ಮೊರ ಎತ್ತಿ ಗಾಳಿಗೆ ಕಾದು ನಿಂತವರಿಗೆ ಈ ಮಾತು ಹೊಸದಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದೂ ಅಲ್ಲಿಯೇ ತಾನೆ?

ಇದು ಬರಿಯ ಸಮಾಧಾನದ ಮಾತಲ್ಲ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಕಲಿತು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿಕ್ಕ ಹಾಯಿಯ ಇದೇ ದೋಣಿಯಲ್ಲಿ ಬೆಳ್ಳಿ ಗೆದ್ದಳು. ಈ ಆಟದಲ್ಲಿ ಮೊದಲಿಗರಿಗೆ 1 ಅಂಕ, ಎರಡನೆಯವರಿಗೆ 2. ಕಡಿಮೆ ಅಂಕದವರೇ ಮುಂದು. 11 ಓಟಗಳಲ್ಲಿ ಅವಳ ಅಂಕ 32. ಅತಿ ಕೆಟ್ಟ ಓಟವೊಂದನ್ನು ಲೆಕ್ಕದಿಂದ ಬಿಡುವುದು ನಿಯಮ; ಅದನ್ನು ಬಿಟ್ಟಾಗ ಉಳಿದದ್ದು 27.

ನಿಮ್ಮ ಮಗನೋ ಮಗಳೋ ಈ ಆಟ ಕಲಿಯಹೊರಟು ಮೊದಲ ಪಂದ್ಯದಲ್ಲಿ ಕೊನೆಯವರಾಗಿ ಬಂದರೆ ಬೇಸರಪಡಬೇಡಿ. ಗಾಳಿ ಯಾವ ಕಡೆ ತಿರುಗಿತ್ತು ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಬಂದರೆ, ವಿದ್ಯೆ ಕೈಹತ್ತುತ್ತಿದೆ ಎಂದು ತಿಳಿಯಿರಿ.